ಅಮಾಕ್ಸಿಸಿಲಿನ್–ಕ್ಲಾವುಲನೇಟ್ ಮಾತ್ರೆ: ಎರಡನೆಯ ಸಂಖ್ಯೆಯ ಕಡೆಯಿಂದ ಒಂದು ವಿಮರ್ಶೆ

ಹಲವರು 625 ಎಂಬ ಒಂದೇ ಸಂಖ್ಯೆಯಿಂದ ಗುರುತಿಸುವ ಮಾತ್ರೆಯೊಳಗೆ ಎರಡು ಬೇರೆ ಬೇರೆ ಪದಾರ್ಥಗಳಿವೆ: 500 ಮಿಲಿಗ್ರಾಂ ಅಮಾಕ್ಸಿಸಿಲಿನ್ ಮತ್ತು 125 ಮಿಲಿಗ್ರಾಂ ಕ್ಲಾವುಲನಿಕ್ ಆಮ್ಲ (ಕ್ಲಾವುಲನೇಟ್ ಎಂದು ಕರೆಯುವುದೂ ಇದನ್ನೇ). ಮೊದಲನೆಯದು ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಎರಡನೆಯದು ತಾನಾಗಿ ಹೆಚ್ಚೇನನ್ನೂ ಕೊಲ್ಲುವುದಿಲ್ಲ. ಮೊದಲನೆಯದನ್ನು ಬ್ಯಾಕ್ಟೀರಿಯಾ ಒಡೆದುಹಾಕದಂತೆ ಕಾಯುವುದಷ್ಟೇ ಅದರ ಕೆಲಸ. ಎರಡನ್ನೂ ಕೂಡಿಸಿ 625 ಎಂದೊಡನೆ ಇದು 500ಕ್ಕಿಂತ ಜೋರಾದ ಅಮಾಕ್ಸಿಸಿಲಿನ್ ಎಂಬ ಭಾವನೆ ಹುಟ್ಟುತ್ತದೆ, ಮತ್ತು ಈ ಔಷಧದ ದುರ್ಬಳಕೆಯ ಬಹುಪಾಲು ಅಲ್ಲಿಂದಲೇ ಆರಂಭವಾಗುತ್ತದೆ. ಸೂಕ್ಷ್ಮಜೀವಿ ಪ್ರಯೋಗಾಲಯದಲ್ಲಿ ಕಲ್ಚರ್ ವರದಿಗಳನ್ನು (ರೋಗಿಯ ಮಾದರಿಯಲ್ಲಿನ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡಿದ ಫಲಿತಾಂಶಗಳನ್ನು) ಓದುವ ಕೆಲಸದಲ್ಲಿರುವ ನನಗೆ ಈ ಮಾತ್ರೆಯ ಮೇಲೆ ತುಂಬು ಗೌರವವಿದೆ. ಆ ಗೌರವದಿಂದಲೇ ಇದನ್ನು ಅದರ ಎರಡನೆಯ ಸಂಖ್ಯೆಯ ಕಡೆಯಿಂದ ವಿಮರ್ಶಿಸುತ್ತಿದ್ದೇನೆ, ಏಕೆಂದರೆ ಈ ಉತ್ಪನ್ನದ ನಿಜವಾದ ಬೆಲೆಯೂ ಅದರ ತೊಂದರೆಗಳಲ್ಲಿ ಬಹುಪಾಲೂ ಆ 125ರಲ್ಲಿವೆ.

ಪೆನಿಸಿಲಿನ್ ಬಳಗದ ಔಷಧಗಳೆಲ್ಲಕ್ಕೂ ಜೀವಾಳವಾಗಿರುವುದು ಬೀಟಾ-ಲ್ಯಾಕ್ಟಮ್ ಎಂಬ ನಾಲ್ಕು ಪರಮಾಣುಗಳ ಪುಟ್ಟ ಉಂಗುರ. ಬ್ಯಾಕ್ಟೀರಿಯಾ ತನ್ನ ಕೋಶಭಿತ್ತಿಯನ್ನು ಹೆಣೆಯಲು ಬಳಸುವ ಪ್ರೋಟೀನುಗಳಿಗೆ ಈ ಉಂಗುರ ಅಂಟಿಕೊಂಡರೆ ಹೆಣಿಗೆ ನಿಲ್ಲುತ್ತದೆ, ಭಿತ್ತಿ ಸಡಿಲಗೊಂಡು ಜೀವಕೋಶ ಒಡೆಯುತ್ತದೆ. ಈ ಉಂಗುರವನ್ನು ಮೊದಲೇ ಸೀಳಿಬಿಡುವ ಕಿಣ್ವಗಳೇ ಬೀಟಾ-ಲ್ಯಾಕ್ಟಮೇಸುಗಳು. ಇಂತಹ ಕಿಣ್ವವೊಂದನ್ನು ಅಬ್ರಹಾಂ ಮತ್ತು ಚೈನ್ 1940ರಲ್ಲಿಯೇ ವರದಿ ಮಾಡಿದ್ದರು. ಪೆನಿಸಿಲಿನ್ ಇನ್ನೂ ರೋಗಿಗಳಿಗೆ ವ್ಯಾಪಕವಾಗಿ ಸಿಗುವ ಮೊದಲೇ ಅದನ್ನು ನಾಶಮಾಡುವ ವ್ಯವಸ್ಥೆ ಬ್ಯಾಕ್ಟೀರಿಯಾಗಳಲ್ಲಿ ಸಿದ್ಧವಾಗಿತ್ತು ಎಂಬುದನ್ನು ಪ್ರತಿರೋಧದ ಬಗ್ಗೆ ಮಾತನಾಡುವವರೆಲ್ಲರೂ ನೆನಪಿನಲ್ಲಿಡಬೇಕು. ಕಿಣ್ವಕ್ಕೆ ಬಗ್ಗದ ಹೊಸ ಪೆನಿಸಿಲಿನ್‌ಗಳನ್ನು ರೂಪಿಸುವುದು ಒಂದು ಉತ್ತರವಾಗಿತ್ತು. ಕಿಣ್ವವನ್ನೇ ಕಟ್ಟಿಹಾಕಿ ಹಳೆಯ ಔಷಧವನ್ನು ಮರಳಿ ದುಡಿಸಿಕೊಳ್ಳುವುದು ಇನ್ನೊಂದು ಉತ್ತರ, ಮತ್ತು ನನ್ನ ದೃಷ್ಟಿಯಲ್ಲಿ ಹೆಚ್ಚು ಜಾಣತನದ್ದು.

ಆ ಎರಡನೆಯ ಉತ್ತರ ಮಣ್ಣಿನಿಂದ ಬಂತು. ಸ್ಟ್ರೆಪ್ಟೊಮೈಸಿಸ್ ಕ್ಲಾವುಲಿಜೆರಸ್ ಎಂಬ ಮಣ್ಣಿನ ಜೀವಿ ಉತ್ಪಾದಿಸುವ ಕ್ಲಾವುಲನಿಕ್ ಆಮ್ಲವನ್ನು 1970ರ ದಶಕದಲ್ಲಿ ಬ್ರಿಟನ್ನಿನ ಬೀಚಮ್ ಸಂಸ್ಥೆಯ ಸಂಶೋಧಕರು ಗುರುತಿಸಿದರು, ಮತ್ತು 1981ರಲ್ಲಿ ಅಮಾಕ್ಸಿಸಿಲಿನ್ ಜೊತೆಗೂಡಿ ಅದು ಆಗ್ಮೆಂಟಿನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಕ್ಲಾವುಲನಿಕ್ ಆಮ್ಲದಲ್ಲಿಯೂ ಬೀಟಾ-ಲ್ಯಾಕ್ಟಮ್ ಉಂಗುರವಿದೆ, ಆದ್ದರಿಂದ ಕಿಣ್ವ ಅದನ್ನೂ ತನ್ನ ಆಹಾರವೆಂದೇ ಭಾವಿಸಿ ಹಿಡಿಯುತ್ತದೆ. ಹಿಡಿದ ಮೇಲೆ ಉಂಗುರ ತೆರೆದುಕೊಂಡು ಅದರ ತುಣುಕು ಕಿಣ್ವದ ಕ್ರಿಯಾಸ್ಥಾನಕ್ಕೆ ಬಿಗಿಯಾಗಿ ಬೆಸೆದುಬಿಡುತ್ತದೆ; ಬೀಗದೊಳಗೆ ಮುರಿದುಳಿದ ಕೀಲಿಯಂತೆ, ಆ ಬೀಗಕ್ಕೆ ಇನ್ನಾವ ಕೀಲಿಯೂ ಹೋಗದು. ಕಿಣ್ವದೊಂದಿಗೆ ತಾನೂ ನಾಶವಾಗುವ ಇಂತಹ ಅಣುಗಳನ್ನು ಆತ್ಮಾಹುತಿ ಪ್ರತಿಬಂಧಕಗಳೆಂದು ಕರೆಯುತ್ತಾರೆ. ಅಷ್ಟರಲ್ಲಿ ಅಮಾಕ್ಸಿಸಿಲಿನ್ ಅಡೆತಡೆಯಿಲ್ಲದೆ ಭಿತ್ತಿಯನ್ನು ತಲುಪಿರುತ್ತದೆ. ದೇಹದಲ್ಲಿ ಇವೆರಡರ ಅರ್ಧಾಯುಷ್ಯವೂ, ಅಂದರೆ ರಕ್ತದಲ್ಲಿನ ಪ್ರಮಾಣ ಅರ್ಧಕ್ಕಿಳಿಯಲು ಬೇಕಾಗುವ ಕಾಲವೂ, ಸುಮಾರು 1 ಗಂಟೆಯಷ್ಟಿರುವುದು ಈ ಜೋಡಿಯ ದೊಡ್ಡ ಅನುಕೂಲ, ಏಕೆಂದರೆ ಕಾಯುವವನು ಮೊದಲೇ ಹೊರಟುಹೋದರೆ ಕಾವಲಿಗೆ ಅರ್ಥವಿರುವುದಿಲ್ಲ.

ಈ ಉತ್ಪನ್ನ ನಿಜವಾಗಿ ಗೆಲ್ಲುವ ಕ್ಷೇತ್ರ ಇದೇ ತರ್ಕದಿಂದ ನಿರ್ಧಾರವಾಗುತ್ತದೆ: ಬ್ಯಾಕ್ಟೀರಿಯಾದ ಪ್ರತಿರೋಧಕ್ಕೆ ಕ್ಲಾವುಲನೇಟ್ ತಡೆಯಬಲ್ಲ ಕಿಣ್ವವೇ ಕಾರಣವಾಗಿದ್ದಲ್ಲಿ ಅದು ಗೆಲ್ಲುತ್ತದೆ. ಪೆನಿಸಿಲಿನೇಸ್ ಉತ್ಪಾದಿಸುವ ಸಾಮಾನ್ಯ ಸ್ಟ್ಯಾಫಿಲೊಕಾಕಸ್, ಕಿವಿ ಮತ್ತು ಸೈನಸ್‌ಗಳ ಸೋಂಕಿಗೆ ಕಾರಣವಾಗುವ ಹೀಮೊಫಿಲಸ್ ಇನ್‌ಫ್ಲುಯೆಂಜೆ ಮತ್ತು ಮೊರಾಕ್ಸೆಲ್ಲಾ, ಕರುಳಿನ ಬ್ಯಾಕ್ಟೀರಾಯ್ಡಿಸ್‌ನಂತಹ ಆಮ್ಲಜನಕ ಬೇಡದ ಜೀವಿಗಳು, ಇ. ಕೋಲೈನ ಅನೇಕ ತಳಿಗಳು ಈ ಗುಂಪಿಗೆ ಸೇರುತ್ತವೆ. ನಾಯಿ, ಬೆಕ್ಕು ಅಥವಾ ಮನುಷ್ಯನ ಕಡಿತದ ಗಾಯಗಳಲ್ಲಿ ಇದು ಮೊದಲ ಆಯ್ಕೆಯಾಗಿರುವುದೂ ಸಮರ್ಥನೀಯವೇ. ಅಲ್ಲಿ ಬಾಯಿಯ ಹಲವು ಜೀವಿಗಳು ಒಟ್ಟಿಗೆ ಒಳಹೊಕ್ಕಿರುತ್ತವೆ. ಕೆಲವು ಕಿಣ್ವ ಮಾಡುತ್ತವೆ, ಕೆಲವು ಮಾಡುವುದಿಲ್ಲ, ಈ ಒಂದು ಮಾತ್ರೆ ಎರಡನ್ನೂ ನಿಭಾಯಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2017ರಿಂದ ಪ್ರತಿಜೈವಿಕಗಳನ್ನು ಮೂರು ಗುಂಪುಗಳಾಗಿ ವಿಂಗಡಿಸುತ್ತಿದ್ದು, ಸುಲಭವಾಗಿ ದೊರೆಯಬೇಕಾದ ಮೊದಲ ಗುಂಪಿನಲ್ಲಿ ಈ ಜೋಡಿಯನ್ನು ಇರಿಸಿದೆ. ನಾಲ್ಕು ದಶಕಗಳ ಬಳಕೆಯ ನಂತರವೂ ಆ ಸ್ಥಾನ ಉಳಿಸಿಕೊಂಡಿರುವುದು ಸಣ್ಣ ಸಾಧನೆಯಲ್ಲ.

ಸೋಲುವ ಕ್ಷೇತ್ರವೂ ಅದೇ ತರ್ಕದಿಂದಲೇ ತಿಳಿಯುತ್ತದೆ, ಆದರೆ ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾಗುತ್ತದೆ. ಗಂಟಲಿನ ಸ್ಟ್ರೆಪ್ಟೊಕಾಕಸ್ ಪಯೋಜಿನಿಸ್ ಬೀಟಾ-ಲ್ಯಾಕ್ಟಮೇಸ್ ಉತ್ಪಾದಿಸುವುದೇ ಇಲ್ಲ; ಇಷ್ಟು ದಶಕಗಳ ನಂತರವೂ ಅದಕ್ಕೆ ಸಾದಾ ಪೆನಿಸಿಲಿನ್ ಸಾಕು. ಅಲ್ಲಿ ಕ್ಲಾವುಲನೇಟ್ ಸೇರಿಸಿದರೆ ರೋಗಿಗೆ ಸಿಗುವ ಹೆಚ್ಚುವರಿ ಲಾಭ ಏನೂ ಇಲ್ಲ, ಹೊಟ್ಟೆಯ ತೊಂದರೆ ಮಾತ್ರ ಸಿಗುತ್ತದೆ. ನ್ಯುಮೋನಿಯಾ ಮತ್ತು ಕಿವಿಯ ಸೋಂಕಿಗೆ ಕಾರಣವಾಗುವ ನ್ಯೂಮೊಕಾಕಸ್ ಪ್ರತಿರೋಧ ಗಳಿಸುವುದು ಔಷಧ ಅಂಟಬೇಕಾದ ಪ್ರೋಟೀನುಗಳ ರೂಪವನ್ನೇ ಬದಲಿಸಿಕೊಳ್ಳುವ ಮೂಲಕ. ಅಲ್ಲಿ ತಡೆಯಲು ಕಿಣ್ವವೇ ಇಲ್ಲದಿರುವುದರಿಂದ ನೆರವಾಗುವುದು ಅಮಾಕ್ಸಿಸಿಲಿನ್‌ನ ಹೆಚ್ಚಿನ ಪ್ರಮಾಣವೇ ಹೊರತು ಕ್ಲಾವುಲನೇಟ್ ಅಲ್ಲ. ಎಂಆರ್‌ಎಸ್‌ಎ ಎಂದು ಕರೆಯಲಾಗುವ ಮೆಥಿಸಿಲಿನ್ ನಿರೋಧಕ ಸ್ಟ್ಯಾಫಿಲೊಕಾಕಸ್‌ನ ಕಥೆಯೂ ಹೀಗೆಯೇ: ಅದರ ಬಳಿ ಅಮಾಕ್ಸಿಸಿಲಿನ್ ಸುಲಭವಾಗಿ ಅಂಟಲಾರದ ಬೇರೆಯೇ ಪ್ರೋಟೀನ್ ಇರುತ್ತದೆ. ಎಂಟೆರೊಬ್ಯಾಕ್ಟರ್ ಮತ್ತು ಸ್ಯೂಡೊಮೊನಾಸ್‌ಗಳ ವರ್ಣತಂತುವಿನಲ್ಲಿರುವ ಆಂಪ್‌ಸಿ ಎಂಬ ಕಿಣ್ವವನ್ನು ಕ್ಲಾವುಲನೇಟ್ ತಡೆಯಲಾರದು. ತಡೆಯದಿರುವುದು ಹಾಗಿರಲಿ, ಆ ಕಿಣ್ವದ ಉತ್ಪಾದನೆಯನ್ನು ಅದು ಪ್ರಚೋದಿಸುತ್ತದೆ. ಸತುವಿನ ಅಯಾನುಗಳ ನೆರವಿನಿಂದ ಕೆಲಸ ಮಾಡುವ ಎನ್‌ಡಿಎಂನಂತಹ ಕಿಣ್ವಗಳ ಮುಂದೆ ಅದರ ತಂತ್ರ ನಡೆಯುವುದೇ ಇಲ್ಲ. ಇನ್ನು ನೆಗಡಿ, ಫ್ಲೂಗಳಂತಹ ವೈರಸ್ ಕಾಯಿಲೆಗಳಲ್ಲಿ ಎರಡು ಸಂಖ್ಯೆಗಳಲ್ಲಿ ಯಾವುದಕ್ಕೂ ಕೆಲಸವಿಲ್ಲ.

ಆದುದರಿಂದ ಈ ಮಾತ್ರೆಯನ್ನು ಬರೆಯುವ ಮುನ್ನ ಕೇಳಬೇಕಾದ ಪ್ರಶ್ನೆ ಸೋಂಕು ಎಷ್ಟು ತೀವ್ರವಾಗಿದೆ ಎಂಬುದಷ್ಟೇ ಅಲ್ಲ, ಇಲ್ಲಿ ಪ್ರತಿರೋಧ ಇದ್ದರೆ ಅದು ಯಾವ ಬಗೆಯದಾಗಿರಬಹುದು ಎಂಬುದೂ ಹೌದು. ಆ ಪ್ರಶ್ನೆಗೆ ಉತ್ತರ ಕೊಡುವುದೇ ನಮ್ಮ ಪ್ರಯೋಗಾಲಯಗಳ ಕೆಲಸ, ಮತ್ತು ವಿಶೇಷವೆಂದರೆ ಆ ಕೆಲಸಕ್ಕೂ ಕ್ಲಾವುಲನೇಟ್ ನೆರವಾಗುತ್ತದೆ. ಸೆಫಲೊಸ್ಪೋರಿನ್ ಬಳಗದ ಪ್ರತಿಜೈವಿಕಗಳನ್ನು ಒಡೆಯುವ ವಿಸ್ತೃತ ವ್ಯಾಪ್ತಿಯ ಬೀಟಾ-ಲ್ಯಾಕ್ಟಮೇಸ್ ಇದೆಯೇ ಎಂದು ತಿಳಿಯಲು ಬ್ಯಾಕ್ಟೀರಿಯಾ ಹರಡಿದ ತಟ್ಟೆಯ ಮೇಲೆ ಎರಡು ಬಿಲ್ಲೆಗಳನ್ನಿಡುತ್ತೇವೆ, ಒಂದರಲ್ಲಿ ಆ ಬಳಗದ ಸೆಫ್ಟಾಜಿಡೈಮ್ ಅಥವಾ ಸೆಫೊಟ್ಯಾಕ್ಸೈಮ್ ಮಾತ್ರ, ಇನ್ನೊಂದರಲ್ಲಿ ಅದರೊಂದಿಗೆ ಕ್ಲಾವುಲನೇಟ್. ಎರಡನೆಯ ಬಿಲ್ಲೆಯ ಸುತ್ತಲಿನ ಬ್ಯಾಕ್ಟೀರಿಯಾರಹಿತ ವೃತ್ತದ ವ್ಯಾಸ 5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ದೊಡ್ಡದಾದರೆ ಕಿಣ್ವ ಪತ್ತೆಯಾದಂತೆ. ಒಂದು ಅಣುವಿನ ಸಾಮರ್ಥ್ಯವನ್ನು ಇಷ್ಟು ಸ್ಪಷ್ಟವಾಗಿ ಬರಿಗಣ್ಣಿಗೆ ತೋರಿಸುವ ಪರೀಕ್ಷೆಗಳು ಬಹಳ ಇಲ್ಲ. ಆದರೆ ತಟ್ಟೆಯ ಮೇಲೆ ಕಿಣ್ವ ಸೋತಿತೆಂದ ಮಾತ್ರಕ್ಕೆ ರೋಗಿಯ ರಕ್ತದಲ್ಲಿಯೂ ಸೋಲುತ್ತದೆ ಎಂದು ಭಾವಿಸಬಾರದು. ಅದಕ್ಕೆ ಕಾರಣವನ್ನು ಮುಂದೆ ಟ್ಯಾಜೊಬ್ಯಾಕ್ಟಮ್ ಎಂಬ ಇನ್ನೊಂದು ಪ್ರತಿಬಂಧಕದ ಪ್ರಸಂಗದಲ್ಲಿ ಹೇಳುತ್ತೇನೆ.

ಬಳಕೆದಾರರಿಗೆ ಅತ್ಯಂತ ಉಪಯುಕ್ತವಾದ, ಆದರೆ ಅತ್ಯಂತ ಕಡಿಮೆ ತಿಳಿದಿರುವ ವಿಷಯ ಈ ಉತ್ಪನ್ನದ ವಿವಿಧ ಪ್ರಮಾಣಗಳದ್ದು. 250 ಮಿಲಿಗ್ರಾಂ ಅಮಾಕ್ಸಿಸಿಲಿನ್‌ನ ಸಾಮಾನ್ಯ ಮಾತ್ರೆಯಲ್ಲಿ 125 ಮಿಲಿಗ್ರಾಂ ಕ್ಲಾವುಲನೇಟ್ ಇರುತ್ತದೆ, 500ರ ಮಾತ್ರೆಯಲ್ಲಿಯೂ 125, 875ರ ಮಾತ್ರೆಯಲ್ಲಿಯೂ 125. ಅಂದರೆ ಅನುಪಾತ ಕ್ರಮವಾಗಿ 2ಕ್ಕೆ 1, 4ಕ್ಕೆ 1 ಮತ್ತು 7ಕ್ಕೆ 1. ಇದರ ಪರಿಣಾಮ ತುಂಬ ಪ್ರಾಯೋಗಿಕವಾದದ್ದು: 500ರ ಒಂದು ಮಾತ್ರೆ ಸಿಗದಿದ್ದಾಗ 250ರ ಎರಡನ್ನು ನುಂಗಿದರೆ ಅಮಾಕ್ಸಿಸಿಲಿನ್ ಲೆಕ್ಕ ಸರಿಹೋಗುತ್ತದೆ, ಆದರೆ ಕ್ಲಾವುಲನೇಟ್ 250 ಮಿಲಿಗ್ರಾಂ ಆಗಿ ದ್ವಿಗುಣಗೊಳ್ಳುತ್ತದೆ. ಇತರ ಹಲವು ಔಷಧಗಳಲ್ಲಿ ನಿರುಪದ್ರವಿಯಾಗಿರುವ ಈ ಅದಲುಬದಲು ಇಲ್ಲಿ ಸಲ್ಲದು, ಮತ್ತು ತಯಾರಕರ ಸೂಚನಾಪತ್ರಗಳು ಅದನ್ನು ಸ್ಪಷ್ಟವಾಗಿ ಹೇಳುತ್ತವೆ. ಅದೇ ಕಾರಣಕ್ಕೆ 250–125ರ ಮಾತ್ರೆಯನ್ನು 40 ಕಿಲೋಗ್ರಾಂಗಿಂತ ಕಡಿಮೆ ತೂಕದ ಮಕ್ಕಳಿಗೆ ಕೊಡುವಂತಿಲ್ಲ. ಮಕ್ಕಳ ದ್ರವರೂಪದ ಔಷಧದಲ್ಲಿಯೂ ಒಂದಕ್ಕಿಂತ ಹೆಚ್ಚು ಅನುಪಾತಗಳಿವೆ: ಪ್ರತಿ 5 ಮಿಲಿಲೀಟರಿಗೆ 600 ಮಿಲಿಗ್ರಾಂ ಅಮಾಕ್ಸಿಸಿಲಿನ್ ಮತ್ತು 42.9 ಮಿಲಿಗ್ರಾಂ ಕ್ಲಾವುಲನೇಟ್ ಇರುವ 14ಕ್ಕೆ 1ರ ರೂಪವನ್ನು ಕಿವಿಯ ಮರುಕಳಿಸುವ ಸೋಂಕಿಗಾಗಿ ರೂಪಿಸಲಾಗಿದ್ದು, ಅದನ್ನು ಕಡಿಮೆ ಅನುಪಾತದ ಇನ್ನೊಂದು ಬಾಟಲಿಯೊಂದಿಗೆ ಮಿಲಿಲೀಟರಿಗೆ ಮಿಲಿಲೀಟರ್ ಎಂದು ಬದಲಿಸಲಾಗದು.

ಈ ಅನುಪಾತಗಳ ಹಿಂದಿನ ಯೋಚನೆ ನನಗೆ ಮೆಚ್ಚುಗೆಯಾದದ್ದು. ಅಮಾಕ್ಸಿಸಿಲಿನ್ ಕೆಲಸ ಮಾಡುವುದು ತನ್ನ ಗರಿಷ್ಠ ಸಾಂದ್ರತೆಯಿಂದಲ್ಲ, ಅಗತ್ಯ ಮಟ್ಟಕ್ಕಿಂತ ಮೇಲೆ ಎಷ್ಟು ಹೊತ್ತು ಉಳಿಯಿತು ಎಂಬುದರಿಂದ. ಎರಡು ಡೋಸ್‌ಗಳ ನಡುವಣ ಅವಧಿಯ ಸುಮಾರು 40 ಪ್ರತಿಶತದಷ್ಟು ಕಾಲವಾದರೂ ಅದು ಆ ಮಟ್ಟವನ್ನು ಮೀರಿರಬೇಕು. ನ್ಯೂಮೊಕಾಕಸ್‌ನ ಪ್ರತಿರೋಧ ಹೆಚ್ಚಿದಂತೆ ಅಮಾಕ್ಸಿಸಿಲಿನ್ ಹೆಚ್ಚಿಸಬೇಕಾಯಿತು, ಆದರೆ ಹೀಮೊಫಿಲಸ್‌ನ ಕಿಣ್ವವನ್ನು ತಡೆಯಲು ಮೊದಲಿನಷ್ಟೇ ಕ್ಲಾವುಲನೇಟ್ ಸಾಕಾಗಿತ್ತು. ಆದ್ದರಿಂದ ಮೊದಲನೆಯ ಸಂಖ್ಯೆಯನ್ನು ಏರಿಸಿ ಎರಡನೆಯದನ್ನು ಅಲ್ಲೇ ನಿಲ್ಲಿಸಿದರು. 14ಕ್ಕೆ 1ರ ದ್ರವದಲ್ಲಿ ಮಗುವಿನ ಪ್ರತಿ ಕಿಲೋಗ್ರಾಂ ತೂಕಕ್ಕೆ ದಿನಕ್ಕೆ 90 ಮಿಲಿಗ್ರಾಂ ಅಮಾಕ್ಸಿಸಿಲಿನ್ ಹೋಗುವಾಗ ಕ್ಲಾವುಲನೇಟ್ ಕೇವಲ 6.4 ಮಿಲಿಗ್ರಾಂ ಹೋಗುತ್ತದೆ. ಒಂದೇ ಉತ್ಪನ್ನದೊಳಗೆ ಎರಡು ಬೇರೆ ಬೇರೆ ಬಗೆಯ ಪ್ರತಿರೋಧಗಳಿಗೆ ಎರಡು ಬೇರೆ ಬೇರೆ ಉತ್ತರಗಳನ್ನು ಹೀಗೆ ಅಳೆದು ಇಟ್ಟಿರುವುದನ್ನು ನೋಡಿದಾಗ, ಇದನ್ನು ಕಣ್ಣು ಮುಚ್ಚಿ ಜ್ವರದ ಮಾತ್ರೆಯಂತೆ ಕೊಡುವುದು ಅದನ್ನು ರೂಪಿಸಿದವರ ಶ್ರಮಕ್ಕೆ ಮಾಡುವ ಅನ್ಯಾಯವೆಂದು ನನಗೆ ಅನ್ನಿಸುತ್ತದೆ.

ತೊಂದರೆಗಳ ಪಟ್ಟಿಯಲ್ಲಿ ಮೊದಲು ಬರುವುದು ಭೇದಿ. ಅದಕ್ಕೆ ಕ್ಲಾವುಲನೇಟ್‌ನ ಪಾಲು ದೊಡ್ಡದು, ಅದಕ್ಕಾಗಿಯೇ ದಿನಕ್ಕೆ ಮೂರು ಬಾರಿಯ ಹಳೆಯ ಕ್ರಮಕ್ಕಿಂತ ಕಡಿಮೆ ಕ್ಲಾವುಲನೇಟ್ ಇರುವ ದಿನಕ್ಕೆ ಎರಡು ಬಾರಿಯ ಕ್ರಮ ಮಕ್ಕಳ ಹೊಟ್ಟೆಗೆ ಹೆಚ್ಚು ಹಿತ. ಊಟದ ಆರಂಭದಲ್ಲಿ ಮಾತ್ರೆಯನ್ನು ತೆಗೆದುಕೊಂಡರೆ ಕ್ಲಾವುಲನೇಟ್ ಚೆನ್ನಾಗಿ ಹೀರಲ್ಪಡುತ್ತದೆ, ಹೊಟ್ಟೆಯ ತೊಂದರೆಯೂ ಕಡಿಮೆಯಾಗುತ್ತದೆ. ಇಷ್ಟು ಸರಳವಾದ ಈ ಸಲಹೆ ಎಷ್ಟೋ ಚೀಟಿಗಳಲ್ಲಿ ಇರುವುದಿಲ್ಲ. ಹೆಚ್ಚು ಗಂಭೀರವಾದದ್ದು ಯಕೃತ್ತಿನ ತೊಂದರೆ. ಬ್ರಿಟನ್ನಿನ ವೈದ್ಯಕೀಯ ದಾಖಲೆಗಳನ್ನಾಧರಿಸಿ 1996ರಲ್ಲಿ ಪ್ರಕಟವಾದ ಅಧ್ಯಯನವೊಂದು ಸಾದಾ ಅಮಾಕ್ಸಿಸಿಲಿನ್‌ನಿಂದ ಯಕೃತ್ತಿಗೆ ತೀವ್ರ ಹಾನಿಯಾಗುವ ಪ್ರಮಾಣ 10,000 ಚೀಟಿಗಳಿಗೆ 0.3 ಎಂದೂ ಈ ಜೋಡಿಯಿಂದ 1.7 ಎಂದೂ ಲೆಕ್ಕ ಹಾಕಿತ್ತು. ವಯಸ್ಸಾದವರಲ್ಲಿ, ಮತ್ತೆ ಮತ್ತೆ ಕೋರ್ಸ್ ತೆಗೆದುಕೊಂಡವರಲ್ಲಿ ಅಪಾಯ ಇನ್ನೂ ಹೆಚ್ಚು. ಸಂಖ್ಯೆ ಚಿಕ್ಕದೆನಿಸಬಹುದು, ಆದರೆ ಈ ಮಾತ್ರೆಯನ್ನು ಜಗತ್ತಿನಾದ್ಯಂತ ಕೋಟ್ಯಂತರ ಜನ ಸೇವಿಸುತ್ತಾರೆ, ಮತ್ತು ಅವರಲ್ಲಿ ಅನೇಕರಿಗೆ ಸಾದಾ ಅಮಾಕ್ಸಿಸಿಲಿನ್ ಸಾಕಾಗಿತ್ತು ಅಥವಾ ಏನೂ ಬೇಕಿರಲಿಲ್ಲ. ಕಾಮಾಲೆ ಕೋರ್ಸ್ ಮುಗಿದ ಕೆಲವು ವಾರಗಳ ನಂತರವೂ ಕಾಣಿಸಿಕೊಳ್ಳಬಹುದಾದ್ದರಿಂದ ರೋಗಿಯಾಗಲಿ ವೈದ್ಯರಾಗಲಿ ಅದನ್ನು ಮರೆತುಹೋದ ಮಾತ್ರೆಗೆ ಜೋಡಿಸದೆ ಇರುವ ಸಾಧ್ಯತೆಯೂ ಇದೆ. ಹಿಂದೊಮ್ಮೆ ಈ ಔಷಧದಿಂದ ಕಾಮಾಲೆ ಬಂದವರಿಗೆ ಇದನ್ನು ಮತ್ತೆ ಕೊಡಬಾರದು. ಪೆನಿಸಿಲಿನ್ ಅಲರ್ಜಿ ಇರುವವರಿಗೂ ಇದು ಸಲ್ಲದು.

ಸಂಗ್ರಹಣೆಯ ವಿಷಯದಲ್ಲಿ ಈ ಉತ್ಪನ್ನ ತುಸು ನಾಜೂಕು. ಕ್ಲಾವುಲನೇಟ್ ತೇವಾಂಶಕ್ಕೆ ಬೇಗ ಕೆಡುತ್ತದೆ, ಆದುದರಿಂದಲೇ ಮಾತ್ರೆಗಳು ಮುಚ್ಚಿದ ಲೋಹದ ಹಾಳೆಯಲ್ಲಿ ಬರುತ್ತವೆ. ಅವನ್ನು ಮೊದಲೇ ಬಿಡಿಸಿ ಡಬ್ಬಿಯಲ್ಲಿ ತುಂಬಿಟ್ಟರೆ ಮೊದಲು ಹಾಳಾಗುವುದು ಕ್ಲಾವುಲನೇಟ್, ಉಳಿಯುವುದು ಬರಿಯ ಅಮಾಕ್ಸಿಸಿಲಿನ್. ನೀರು ಬೆರೆಸಿದ ದ್ರವವನ್ನು ಫ್ರಿಜ್‌ನಲ್ಲಿಟ್ಟು ಬಾಟಲಿಯ ಮೇಲೆ ನಮೂದಿಸಿದ 7 ಅಥವಾ 10 ದಿನಗಳೊಳಗೆ ಮುಗಿಸಿ ಉಳಿದದ್ದನ್ನು ಬಿಸಾಡಬೇಕು.

ಒಂದು ಉತ್ಪನ್ನವನ್ನು ತೂಗುವಾಗ ಅದರ ಬಳಗವನ್ನೂ ನೋಡಬೇಕು. ಆಸ್ಪತ್ರೆಗಳಲ್ಲಿ ರಕ್ತನಾಳದ ಮೂಲಕ ಕೊಡುವ ಪಿಪೆರಾಸಿಲಿನ್–ಟ್ಯಾಜೊಬ್ಯಾಕ್ಟಮ್ ಇದೇ ತತ್ತ್ವದ ಮೇಲೆ ನಿಂತಿದ್ದು, ಸ್ಯೂಡೊಮೊನಾಸ್‌ವರೆಗೂ ಅದರ ವ್ಯಾಪ್ತಿ ಚಾಚಿದೆ. ಪ್ರಯೋಗಾಲಯದ ವರದಿಯಲ್ಲಿ ಅದಕ್ಕೆ ಸ್ಪಂದಿಸುತ್ತದೆ ಎಂದು ಬಂದ, ಆದರೆ ಸೆಫಲೊಸ್ಪೋರಿನ್ ಬಳಗದ ಸೆಫ್ಟ್ರಿಯಾಕ್ಸೋನ್‌ಗೆ ಬಗ್ಗದ ಇ. ಕೋಲೈ ಅಥವಾ ಕ್ಲೆಬ್ಸಿಯೆಲ್ಲಾದಿಂದ ರಕ್ತದ ಸೋಂಕಾದ ರೋಗಿಗಳಲ್ಲಿ ಅದನ್ನು ಕಾರ್ಬಪೆನೆಮ್ ಬಳಗದ ಮೆರೊಪೆನೆಮ್ ಎಂಬ ಪ್ರತಿಜೈವಿಕದ ಜೊತೆ ಹೋಲಿಸಿದ ಮೆರಿನೊ ಪ್ರಯೋಗದ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. 30 ದಿನಗಳೊಳಗೆ ಮೃತಪಟ್ಟವರು ಮೆರೊಪೆನೆಮ್ ಗುಂಪಿನಲ್ಲಿ 3.7 ಪ್ರತಿಶತ, ಟ್ಯಾಜೊಬ್ಯಾಕ್ಟಮ್ ಗುಂಪಿನಲ್ಲಿ 12.3 ಪ್ರತಿಶತ. ಆ ತಳಿಗಳನ್ನು ನಂತರ ಮತ್ತೆ ಪರೀಕ್ಷಿಸಿದಾಗ, ಟ್ಯಾಜೊಬ್ಯಾಕ್ಟಮ್ ಚೆನ್ನಾಗಿ ತಡೆಯಲಾರದ ಓಎಕ್ಸ್‌ಎ-1 ಎಂಬ ಇನ್ನೊಂದು ಕಿಣ್ವ ಹಲವುಗಳಲ್ಲಿ ಜೊತೆಗಿತ್ತೆಂದೂ, ಮೊದಲ ಪರೀಕ್ಷೆಯ ಕೆಲವು ಫಲಿತಾಂಶಗಳು ನೆಚ್ಚುವಂತಿರಲಿಲ್ಲವೆಂದೂ ತಿಳಿಯಿತು. ಬ್ಯಾಕ್ಟೀರಿಯಾ ಒಂದೇ ಕಿಣ್ವ ಹೊತ್ತು ಬರುವ ಕಾಲ ಮುಗಿದಿದೆ; ಪ್ರತಿಬಂಧಕ ಅವುಗಳಲ್ಲಿ ಒಂದನ್ನು ಕಟ್ಟಿಹಾಕುವಷ್ಟರಲ್ಲಿ ಇನ್ನೊಂದು ಔಷಧವನ್ನು ಒಡೆಯುತ್ತಿರುತ್ತದೆ. ಮೇಲೆ ನಾನು ತಟ್ಟೆಯ ಬಗ್ಗೆ ಎಚ್ಚರಿಸಿದ್ದು ಇದಕ್ಕಾಗಿಯೇ.

ಬಳಗದ ಕಿರಿಯರಲ್ಲಿ ನನ್ನ ಮೆಚ್ಚುಗೆ ಅವಿಬ್ಯಾಕ್ಟಮ್ ಎಂಬ ಪ್ರತಿಬಂಧಕಕ್ಕೆ. ಅದರಲ್ಲಿ ಬೀಟಾ-ಲ್ಯಾಕ್ಟಮ್ ಉಂಗುರವೇ ಇಲ್ಲ. ಕಿಣ್ವಕ್ಕೆ ಬೆಸೆದುಕೊಂಡು, ಬಿಟ್ಟುಬಂದ ಮೇಲೆ ಬಹುಮಟ್ಟಿಗೆ ಹಾನಿಯಾಗದೆ ಉಳಿದು ಇನ್ನೊಂದನ್ನು ಹಿಡಿಯಬಲ್ಲದು. ಕ್ಲಾವುಲನೇಟ್‌ನಂತೆ ಒಂದೇ ಬಾರಿಗೆ ವ್ಯಯವಾಗುವುದಿಲ್ಲ. ಕೆಪಿಸಿ, ಆಂಪ್‌ಸಿ ಮತ್ತು ಓಎಕ್ಸ್‌ಎ-48 ಕಿಣ್ವಗಳನ್ನು ಅದು ತಡೆಯುತ್ತದೆ. 2015ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಸೆಫ್ಟಾಜಿಡೈಮ್–ಅವಿಬ್ಯಾಕ್ಟಮ್ ಅನ್ನು ವಿಶ್ವ ಆರೋಗ್ಯ ಸಂಸ್ಥೆ ಕೊನೆಯ ಆಸರೆಯ ಗುಂಪಿನಲ್ಲಿ ಇಟ್ಟಿರುವುದು ಸರಿಯಾದ ನಿರ್ಧಾರ, ಏಕೆಂದರೆ ಕೆಪಿಸಿ ಕಿಣ್ವದ ಒಂದೇ ಒಂದು ಅಮೈನೊ ಆಮ್ಲ ಬದಲಾದರೂ ಅದರ ಪ್ರಭಾವ ತಪ್ಪಿಹೋಗಬಲ್ಲದೆಂದು ಈಗಾಗಲೇ ಕಂಡುಬಂದಿದೆ. ಎನ್‌ಡಿಎಂ ಮುಂದೆ ಅವಿಬ್ಯಾಕ್ಟಮ್ ಕೂಡ ಅಸಹಾಯಕವೇ. ಆದರೆ ಅಸ್ಟ್ರಿಯೊನಾಮ್ ಎಂಬ ಹಳೆಯ ಔಷಧವನ್ನು ಎನ್‌ಡಿಎಂ ಒಡೆಯಲಾರದು. ಅಸ್ಟ್ರಿಯೊನಾಮ್ ಸೋಲುತ್ತಿದ್ದುದು ಎನ್‌ಡಿಎಂ ಜೊತೆ ಅದೇ ಬ್ಯಾಕ್ಟೀರಿಯಾದಲ್ಲಿ ನೆಲೆಸಿರುವ ಇತರ ಕಿಣ್ವಗಳಿಗೆ, ಮತ್ತು ಆ ಇತರ ಕಿಣ್ವಗಳನ್ನು ಅವಿಬ್ಯಾಕ್ಟಮ್ ತಡೆಯುತ್ತದೆ. ಇವೆರಡರ ಜೋಡಿಗೆ 2024ರಲ್ಲಿ ಯೂರೋಪಿನಲ್ಲಿಯೂ 2025ರಲ್ಲಿ ಅಮೆರಿಕದಲ್ಲಿಯೂ ಅನುಮತಿ ದೊರೆಯಿತು. ಹಳೆಯ ಔಷಧವೊಂದರ ದೌರ್ಬಲ್ಯವನ್ನು ನಿಖರವಾಗಿ ಅರಿತು ಅದಕ್ಕೆ ತಕ್ಕ ಸಂಗಾತಿಯನ್ನು ಕೊಡುವುದು ಎಂದರೆ ಇದೇ.

ಸಲ್‌ಬ್ಯಾಕ್ಟಮ್‌ನ ಕಥೆಯಲ್ಲಿ ಇನ್ನೊಂದು ತಿರುವಿದೆ. ಪ್ರತಿಬಂಧಕವೆಂದು ಬಳಕೆಗೆ ಬಂದ ಈ ಅಣು ಅಸಿನೆಟೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದ ವಿರುದ್ಧ ತಾನೇ ಔಷಧವಾಗಿ ಕೆಲಸ ಮಾಡುತ್ತದೆ. ಆದರೆ ಅಸಿನೆಟೊಬ್ಯಾಕ್ಟರ್‌ನ ಕಿಣ್ವಗಳು ಅದನ್ನೂ ಒಡೆಯಲು ಕಲಿತವು, ಆಗ ಅದನ್ನು ಕಾಯಲು ಡರ್ಲೊಬ್ಯಾಕ್ಟಮ್ ಎಂಬ ಇನ್ನೊಂದು ಪ್ರತಿಬಂಧಕ ಬೇಕಾಯಿತು. ಕಾರ್ಬಪೆನೆಮ್‌ಗೆ ಬಗ್ಗದ ಅಸಿನೆಟೊಬ್ಯಾಕ್ಟರ್ ಸೋಂಕಿನಲ್ಲಿ ಈ ಜೋಡಿಯನ್ನು ಕೊಲಿಸ್ಟಿನ್ ಎಂಬ ಪ್ರತಿಜೈವಿಕದ ಜೊತೆ ಹೋಲಿಸಿದಾಗ 28 ದಿನಗಳ ಮರಣ ಪ್ರಮಾಣ ಕ್ರಮವಾಗಿ 19 ಪ್ರತಿಶತ ಮತ್ತು ಸುಮಾರು 32 ಪ್ರತಿಶತ ಎಂದು ಬಂತು, ಮೂತ್ರಪಿಂಡಕ್ಕಾದ ಹಾನಿಯೂ ಕೊಲಿಸ್ಟಿನ್ ಗುಂಪಿಗಿಂತ ಕಡಿಮೆಯಿತ್ತು. 2023ರಲ್ಲಿ ಅಮೆರಿಕದಲ್ಲಿ ಇದಕ್ಕೆ ಅನುಮತಿ ದೊರೆಯಿತು.

ಈ ಯಶಸ್ಸುಗಳನ್ನು ನೋಡಿ ಯಾವ ಎರಡು ಔಷಧಗಳನ್ನು ಕೂಡಿಸಿದರೂ ಬಲ ಹೆಚ್ಚುತ್ತದೆ ಎಂದು ನಂಬುವವರಿದ್ದಾರೆ, ಮತ್ತು ಎರಡು ಪ್ರತಿಜೈವಿಕಗಳನ್ನು ಒಂದೇ ಮಾತ್ರೆಯಲ್ಲಿ ತುರುಕಿ ಮಾರುವವರೂ ಇದ್ದಾರೆ. ಅಂತಹ ಹಲವು ಮಿಶ್ರಣಗಳನ್ನು ಬಳಸಬಾರದವುಗಳ ಪಟ್ಟಿಗೆ ವಿಶ್ವ ಆರೋಗ್ಯ ಸಂಸ್ಥೆಯೇ ಸೇರಿಸಿದೆ. ಯೋಚಿಸಿ ಕೂಡಿಸಿದ ಜೋಡಿಗಳೂ ಪರೀಕ್ಷೆಯಲ್ಲಿ ಬಿದ್ದಿವೆ. ತೀವ್ರ ಸೋಂಕುಗಳಲ್ಲಿ, ಮುಖ್ಯವಾಗಿ ಅಸಿನೆಟೊಬ್ಯಾಕ್ಟರ್‌ನಿಂದಾದವುಗಳಲ್ಲಿ, ಕೊಲಿಸ್ಟಿನ್‌ಗೆ ಮೆರೊಪೆನೆಮ್ ಸೇರಿಸುವುದನ್ನು 406 ರೋಗಿಗಳಲ್ಲಿ ಪರೀಕ್ಷಿಸಿದ, 2018ರಲ್ಲಿ ಪ್ರಕಟವಾದ ಪ್ರಯೋಗ ಕೊಲಿಸ್ಟಿನ್ ಮಾತ್ರ ಕೊಟ್ಟದ್ದಕ್ಕಿಂತ ಹೆಚ್ಚಿನ ಫಲವನ್ನು ಕಾಣಲಿಲ್ಲ. ಎಂಆರ್‌ಎಸ್‌ಎ ರಕ್ತದ ಸೋಂಕಿನಲ್ಲಿ ವ್ಯಾಂಕೊಮೈಸಿನ್ ಅಥವಾ ಡ್ಯಾಪ್ಟೊಮೈಸಿನ್‌ಗೆ ಬೀಟಾ-ಲ್ಯಾಕ್ಟಮ್ ಔಷಧವೊಂದನ್ನು ಸೇರಿಸಿದ ಕ್ಯಾಮೆರಾ-2 ಪ್ರಯೋಗವನ್ನು ಅವಧಿಗೆ ಮುನ್ನವೇ ನಿಲ್ಲಿಸಬೇಕಾಯಿತು, ಏಕೆಂದರೆ ಮೂತ್ರಪಿಂಡದ ಹಾನಿ 6 ಪ್ರತಿಶತದಿಂದ 23 ಪ್ರತಿಶತಕ್ಕೇರಿತ್ತು. ತಟ್ಟೆಯ ಮೇಲೆ ಈ ಜೋಡಿಗಳು ಭರವಸೆ ಹುಟ್ಟಿಸಿದ್ದವು. ಅಮಾಕ್ಸಿಸಿಲಿನ್–ಕ್ಲಾವುಲನೇಟ್ ಇವುಗಳಿಂದ ಬೇರೆಯಾಗುವುದು ಇಲ್ಲಿಯೇ: ಅದರ ಎರಡನೆಯ ಅಂಶಕ್ಕೆ ಒಂದೇ ಗುರಿಯಿದೆ, ಆ ಗುರಿ ಇದೆಯೇ ಇಲ್ಲವೇ ಎಂಬುದನ್ನು ಪರೀಕ್ಷಿಸಲು ಸಾಧ್ಯವಿದೆ.

ಹೊಸ ಜೊತೆಗಾರನನ್ನು ಸೇರಿಸದೆಯೂ ಈಗಿರುವ ಔಷಧದಿಂದ ಹೆಚ್ಚು ಕೆಲಸ ತೆಗೆಯಬಹುದೇ ಎಂಬ ಪ್ರಶ್ನೆಯೂ ಈ ಚರ್ಚೆಗೆ ಸೇರಿದ್ದು. ಪಿಪೆರಾಸಿಲಿನ್–ಟ್ಯಾಜೊಬ್ಯಾಕ್ಟಮ್ ಅಥವಾ ಮೆರೊಪೆನೆಮ್ ಅನ್ನು ಬಿಡಿ ಡೋಸ್‌ಗಳಾಗಿ ಕೊಡುವ ಬದಲು ಅಷ್ಟೇ ಪ್ರಮಾಣವನ್ನು ಇಡೀ ದಿನ ನಿರಂತರವಾಗಿ ಹನಿಸುವುದನ್ನು ತೀವ್ರ ನಿಗಾ ಘಟಕಗಳ 7000ಕ್ಕೂ ಹೆಚ್ಚು ರೋಗಿಗಳಲ್ಲಿ ಪರೀಕ್ಷಿಸಿದ ಬ್ಲಿಂಗ್-3 ಪ್ರಯೋಗ 2024ರಲ್ಲಿ ಪ್ರಕಟವಾಯಿತು. 90 ದಿನಗಳ ಮರಣ ಪ್ರಮಾಣ ನಿರಂತರ ಗುಂಪಿನಲ್ಲಿ 24.9 ಪ್ರತಿಶತ, ಇನ್ನೊಂದರಲ್ಲಿ 26.8 ಪ್ರತಿಶತ; ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಈ ಅಂತರ ನಿರ್ಣಾಯಕವಲ್ಲ, ಆದರೆ ಸೋಂಕು ವಾಸಿಯಾದವರ ಪ್ರಮಾಣ ನಿರಂತರ ಗುಂಪಿನಲ್ಲಿ ಹೆಚ್ಚಿತ್ತು. ಹೊಸ ಅಣುವೊಂದನ್ನೂ ಬೇಡದ ಇಂತಹ ಸುಧಾರಣೆಗಳಿಗೆ ಹೊಸ ಔಷಧಗಳಿಗೆ ಸಿಗುವಷ್ಟು ಗಮನ ಸಿಗದಿರುವುದು ನನಗೆ ಬೇಸರದ ಸಂಗತಿ. 2019ರ ಒಂದೇ ವರ್ಷದಲ್ಲಿ ಪ್ರತಿರೋಧವೇ ನೇರ ಕಾರಣವಾದ ಸಾವುಗಳು ಜಗತ್ತಿನಲ್ಲಿ 12.7 ಲಕ್ಷ ಎಂಬ ಅಂದಾಜಿದೆ. ಅಷ್ಟು ಸಾವುಗಳ ಎದುರಿನಲ್ಲಿ ಇರುವುದನ್ನು ಸರಿಯಾಗಿ ಬಳಸುವ ವಿದ್ಯೆಯನ್ನು ಎರಡನೆಯ ದರ್ಜೆಯದೆಂದು ಕಾಣಲಾಗದು.

ಹಾಗಾದರೆ ನನ್ನ ಶಿಫಾರಸು ಇದು. ಕಡಿತದ ಗಾಯಗಳಿಗೆ, ಸಾದಾ ಅಮಾಕ್ಸಿಸಿಲಿನ್‌ಗೆ ಬಗ್ಗದ ಕಿವಿ ಮತ್ತು ಸೈನಸ್ ಸೋಂಕುಗಳಿಗೆ, ವರದಿಯಲ್ಲಿ ಇದಕ್ಕೆ ಸ್ಪಂದನ ಕಂಡ ಮೂತ್ರದ ಸೋಂಕುಗಳಿಗೆ ಈ ಉತ್ಪನ್ನವನ್ನು ಸಂಕೋಚವಿಲ್ಲದೆ ಒಪ್ಪುತ್ತೇನೆ. ವೈದ್ಯರು ಚೀಟಿಯಲ್ಲಿ ಎರಡೂ ಸಂಖ್ಯೆಗಳನ್ನು ಬಿಡಿಬಿಡಿಯಾಗಿ ಬರೆಯಬೇಕು, ಔಷಧಿ ಕೊಡುವವರು ಅನುಪಾತ ನೋಡಿ ಕೊಡಬೇಕು, ತೆಗೆದುಕೊಳ್ಳುವವರು ಇಲ್ಲಿ ಕ್ಲಾವುಲನೇಟ್ ಏಕೆ ಬೇಕು ಎಂದು ಕೇಳಲು ಹಿಂಜರಿಯಬಾರದು. ಆ ಪ್ರಶ್ನೆಗೆ ಉತ್ತರವಿಲ್ಲದ ಕಡೆ ಸಾದಾ ಅಮಾಕ್ಸಿಸಿಲಿನ್ ಹೆಚ್ಚು ಒಳ್ಳೆಯ ಉತ್ಪನ್ನ.

ತಯಾರಕರಿಂದ ನನಗೆ ಒಂದು ಬೇಡಿಕೆಯೂ ಇದೆ, ಅದು ಕ್ಷಯರೋಗಕ್ಕೆ ಸಂಬಂಧಿಸಿದ್ದು. ಕ್ಷಯದ ಬ್ಯಾಕ್ಟೀರಿಯಾ ಬ್ಲಾಸಿ ಎಂಬ ತನ್ನದೇ ಬೀಟಾ-ಲ್ಯಾಕ್ಟಮೇಸ್ ಹೊಂದಿರುವುದರಿಂದ ಪೆನಿಸಿಲಿನ್ ಬಳಗದ ಔಷಧಗಳು ಅದರ ಮೇಲೆ ಕೆಲಸ ಮಾಡುವುದಿಲ್ಲವೆಂದು ಬಹುಕಾಲ ಕೈಬಿಡಲಾಗಿತ್ತು. ಕ್ಲಾವುಲನೇಟ್ ಆ ಕಿಣ್ವವನ್ನು ಶಾಶ್ವತವಾಗಿ ಕಟ್ಟಿಹಾಕಬಲ್ಲದೆಂದೂ, ಮೆರೊಪೆನೆಮ್ ಜೊತೆ ಕೊಟ್ಟರೆ ತೀವ್ರ ಔಷಧನಿರೋಧಕ ತಳಿಗಳನ್ನೂ ಪ್ರಯೋಗಾಲಯದಲ್ಲಿ ಕೊಲ್ಲಬಲ್ಲದೆಂದೂ 2009ರಲ್ಲಿ ತೋರಿಸಲಾಯಿತು, ಮತ್ತು ಬೇರೆ ಆಯ್ಕೆಗಳು ಸಾಲದಾದ ಔಷಧನಿರೋಧಕ ಕ್ಷಯದ ಚಿಕಿತ್ಸೆಯಲ್ಲಿ ಮೆರೊಪೆನೆಮ್ ಅಥವಾ ಇಮಿಪೆನೆಮ್‌ನ ಪ್ರತಿ ಡೋಸ್ ಜೊತೆಗೂ ಕ್ಲಾವುಲನೇಟ್ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಹೇಳುತ್ತದೆ. ಆದರೆ ಕ್ಲಾವುಲನೇಟ್ ಬಿಡಿಯಾಗಿ ಎಲ್ಲಿಯೂ ಸಿಗದಿರುವುದರಿಂದ ಆ ರೋಗಿಗಳು ಇದೇ ಜೋಡಿ ಮಾತ್ರೆಯನ್ನು ನುಂಗುತ್ತಾರೆ. ಅಲ್ಲಿ ಅಮಾಕ್ಸಿಸಿಲಿನ್ ಅನ್ನು ಚಿಕಿತ್ಸೆಯ ಔಷಧವೆಂದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ತಿಂಗಳುಗಟ್ಟಲೆ ಅದು ರೋಗಿಯ ಕರುಳಿನ ಮೂಲಕ ಹಾದುಹೋಗುವುದು ಕೇವಲ 125 ಮಿಲಿಗ್ರಾಂ ಕ್ಲಾವುಲನೇಟ್‌ನ ಸಲುವಾಗಿ. ಕ್ಲಾವುಲನೇಟ್ ಮಾತ್ರ ಇರುವ, ತೇವಾಂಶದಿಂದ ರಕ್ಷಿಸಿದ ಒಂದು ಮಾತ್ರೆಯನ್ನು ಆ ರೋಗಿಗಳಿಗಾಗಿ ಯಾರಾದರೂ ತಯಾರಿಸಬೇಕು.